ಎರಡು ತಟ್ಟು

"ಚೋಟು ಎದ್ದಳಾ?" ಎಂದು ಗಂಡ ಫೋನಿನಲ್ಲಿ ಕೇಳಿದ. ಅವನ ಹಿಂದೆ ಯಾರೋ ನಗುತ್ತಿದ್ದರು, ನೀರು ಚೆಲ್ಲಾಡುವ ಸದ್ದಿತ್ತು.

ಮುಚ್ಚಿದ ಪೆಟ್ರೋಲ್ ಬಂಕಿನ ಮುಂದೆ ಒಂದು ಕಾಲು ನೆಲಕ್ಕೂರಿ, ಸೈಕಲ್ಲಿನ ಮೇಲೇ ಕೂತು ಅವಳು ಬಾಳೆಹಣ್ಣು ತಿನ್ನುತ್ತಿದ್ದಳು. ಏಳಕ್ಕೆ ಐದು ನಿಮಿಷವಿತ್ತು. ಮನೆಯಿಂದ ಮೂವತ್ತು ಕಿಲೋಮೀಟರು ಬಂದಾಗಿತ್ತು, ಇನ್ನೂ ಎಪ್ಪತ್ತು ತುಳಿಯುವುದಿತ್ತು.

"ನನ್ನನ್ನು ಕೇಳ್ತೀಯಲ್ಲ! ಮನೇಲಿ ಬಿದ್ಕೊಂಡಿರೋನು ನೀನು. ಎದ್ದು ಹೋಗಿ ನೋಡು, ಸೋಮಾರಿ."

"ತಮಾಷೆ ಬೇಡ ಕಣೇ. ನಾನು ಕೆರೇಲಿದ್ದೀನಿ."

"ಯಾವ ಕೆರೆ?"

"ಇನ್ಯಾವ ಕೆರೆ? ಈಜಕ್ಕೆ ಬಂದಿದ್ದೀನಿ. ನೀನು ತಾನೇ ಅವಳ ಜೊತೆ ಮಲಗಿದ್ದು? ಬಾಗಿಲು ತಟ್ಟಿ ಬಂದೆನಲ್ಲ."

ಅವಳೂ ತಟ್ಟಿ ಬಂದಿದ್ದಳು. ಬಾಯಲ್ಲಿದ್ದ ಹಣ್ಣು ಬಾಯಲ್ಲೇ ಉಳಿಯಿತು. ನುಂಗಲೂ ಆಗಲಿಲ್ಲ, ಉಗಿಯಲೂ ನೆನಪಾಗಲಿಲ್ಲ. "ನಾನು ರೋಡಲ್ಲಿದ್ದೀನಿ," ಅಂದಳು. ಆ ಕಡೆ ನಗುತ್ತಿದ್ದವರು ಇನ್ನೂ ನಗುತ್ತಲೇ ಇದ್ದರು.

ಅವರ ಮನೆಯ ಪದ್ಧತಿಯೇ ಹಾಗೆ. ಗಂಡ ಹೆಂಡತಿ ಇಬ್ಬರೂ ಒಂದೇ ಸ್ಪರ್ಧೆಗೆ ಹೆಸರು ಕೊಟ್ಟಿದ್ದರು. ಸುಮಾರು ನಾಲ್ಕು ಕಿಲೋಮೀಟರು ಈಜಬೇಕು, ನೂರೆಂಬತ್ತು ಸೈಕಲ್ ತುಳಿಯಬೇಕು, ಆಮೇಲೆ ನಲವತ್ತೆರಡು ಓಡಬೇಕು, ಎಲ್ಲ ಒಂದೇ ದಿನದಲ್ಲಿ. ಅದಕ್ಕೆ ಇನ್ನು ಐದು ವಾರ ಉಳಿದಿತ್ತು. ಅವಳು ಹಲ್ಲಿನ ಸೆಟ್ಟು ತಯಾರಿಸುವ ವರ್ಕ್‌ಶಾಪಿನಲ್ಲಿ ದಿನವಿಡೀ ಮೇಣದ ದವಡೆಗಳಿಗೆ ಹಲ್ಲು ಕೂರಿಸುವವಳು, ಅವನು ಲಿಫ್ಟ್ ರಿಪೇರಿಯವನು. ಹಗಲೆಲ್ಲ ಕೆಲಸಕ್ಕೆ ಹೋದರೆ ಸಂಜೆ ಮಗುವಿಗೆ ಹೋಗುತ್ತಿತ್ತು, ಉಳಿಯುವುದು ಬೆಳಗಿನ ಜಾವ ಒಂದೇ. ಅದನ್ನು ಇಬ್ಬರೂ ಪಾಳಿ ಹಾಕಿ ಹಂಚಿಕೊಂಡಿದ್ದರು. ಒಬ್ಬರು ಹೊರಗೆ ಹೋದರೆ ಇನ್ನೊಬ್ಬರು ನಾಲ್ಕೂವರೆ ವರ್ಷದ ಚೋಟುವಿನ ಪಕ್ಕ ಮಲಗಬೇಕು. ಈಜು ಕಲಿಸುವ ಮಾಸ್ತರು ಇವರಿಗೆ 'ಪಾಳಿ ಜೋಡಿ' ಅಂತಲೇ ಹೆಸರಿಟ್ಟಿದ್ದರು. ಅತ್ತೆ ಮಾತ್ರ ಬಂದಾಗಲೆಲ್ಲ, "ನಿಮ್ಮಿಬ್ಬರನ್ನೂ ಯಾವ ನಾಯಿ ಅಟ್ಟಿಸ್ಕೊಂಡು ಬರ್ತಿದೆ, ಬೆಳಗಾದ್ರೆ ಹೀಗೆ ಓಡ್ತೀರಿ?" ಅನ್ನುತ್ತಿದ್ದರು.

ಚೋಟುವಿನ ಕೋಣೆಯ ಬಾಗಿಲು ತೆರೆದರೆ ಕಿರ್ರ್ ಅನ್ನುತ್ತದೆ. ಕಿರ್ರ್ ಅಂದರೆ ಅವಳು ಎದ್ದು ಕೂರುತ್ತಾಳೆ, ಅವಳು ಎದ್ದರೆ ಆ ದಿನದ ಅಭ್ಯಾಸ ಮುಗಿದ ಹಾಗೆಯೇ. ಆದ್ದರಿಂದ ಹೊರಡುವವರು ದೀಪ ಹಾಕಬಾರದು, ಬಾಗಿಲು ತೆರೆಯಬಾರದು, ಮನೆಯಲ್ಲಿ ಉಳಿಯುವವರು ಮಲಗಿರುವ ಕೋಣೆಯ ಬಾಗಿಲಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಮೆಲ್ಲಗೆ ತಟ್ಟಿ ಹೊರಟುಬಿಡಬೇಕು. ನಾನು ಹೊರಟೆ, ಇನ್ನು ನೀನು ನೋಡಿಕೋ ಅಂತ ಅದರ ಅರ್ಥ. ಒಳಗಿನವರು ಉತ್ತರ ಕೊಡುವುದು ಪದ್ಧತಿಯಲ್ಲಿ ಇರಲಿಲ್ಲ.

ಈ ಭಾನುವಾರ ಮನೆ ಪಾಳಿ ಅವನದು. ಆದರೆ ನಡುರಾತ್ರಿ ಚೋಟು "ಅಪ್ಪ ಬೇಡ, ಅಮ್ಮ ಬೇಕು" ಎಂದು ಹಟ ಹಿಡಿದದ್ದಕ್ಕೆ ಇಬ್ಬರೂ ಹಾಸಿಗೆ ಬದಲಾಯಿಸಿದ್ದರು. ಹಾಸಿಗೆ ಬದಲಾದರೆ ಪಾಳಿಯೂ ಬದಲಾಯಿತು ಎಂದು ಅವನು ತಿಳಿದ. ಮೂರು ವಾರದಿಂದ ಕೆರೆ ತಪ್ಪಿಹೋಗಿತ್ತು, ಆಸೆಯೂ ಇತ್ತು. ಹಾಸಿಗೆ ಬದಲಾದ ಮಾತ್ರಕ್ಕೆ ಪಾಳಿ ಬದಲಾಗುವುದಿಲ್ಲ ಎಂದು ಇವಳು ತಿಳಿದಳು. ಅವನು ಐದಕ್ಕೆ ಮೊದಲೇ ಚೋಟುವಿನ ಕೋಣೆಗೆ ಎರಡು ತಟ್ಟಿ ಮಾಸ್ತರ ವ್ಯಾನು ಹತ್ತಿದ್ದ. ಇವಳು ಇನ್ನೂ ನಿದ್ದೆಯಲ್ಲಿದ್ದಳು. ಆಮೇಲೆ ಎದ್ದು, ನಡುರಾತ್ರಿ ನಿದ್ದೆಗೆಟ್ಟಿದ್ದ ಚೋಟು ಬಾಗಿಲಿನ ಕಿರ್ರ್‌ಗೂ ಅಲ್ಲಾಡದ್ದನ್ನು ನೋಡಿ ಹೊರಬಂದು, ಕತ್ತಲಲ್ಲೇ ತಯಾರಾಗಿ, ಖಾಲಿ ಮಲಗುವ ಕೋಣೆಯ ಬಾಗಿಲಿಗೆ ಎರಡು ತಟ್ಟಿ, ಹೊರಗಿನಿಂದ ಬೀಗ ಹಾಕಿಕೊಂಡು ಬಂದಿದ್ದಳು.

"ಬಟ್ಟೆ, ದುಡ್ಡಿನ ಬ್ಯಾಗು ವ್ಯಾನಲ್ಲಿದೆ, ವ್ಯಾನಿನ ಕೀ ಮಾಸ್ತರ ಹತ್ರ, ಮಾಸ್ತರು ಕೆರೆ ಮಧ್ಯದಲ್ಲಿದ್ದಾರೆ," ಗಂಡ ಒಂದೇ ಉಸಿರಿಗೆ ಹೇಳುತ್ತಿದ್ದ. "ನಾನು ರೋಡಿಗೆ ಓಡ್ತೀನಿ. ಯಾವ್ದಾದ್ರೂ ಗಾಡಿ ಸಿಗತ್ತೆ. ನೀನು..."

ಅವಳು ಆಗಲೇ ಸೈಕಲ್ ತಿರುಗಿಸಿದ್ದಳು. ಒಂದು ಕಾರು ಬಂತು, ಕೈ ಬೀಸಿದಳು, ಅದು ನಿಲ್ಲಲಿಲ್ಲ. ಇನ್ನೊಂದು ಬಂತು, ಅದರೊಳಗಿದ್ದವನು ಇವಳಿಗೇ ಕೈ ಬೀಸಿ ಹುರಿದುಂಬಿಸಿ ಹೋದ. ಮೂರನೆಯದಕ್ಕೆ ಕಾಯುವ ತಾಳ್ಮೆ ಅವಳಿಗೆ ಇರಲಿಲ್ಲ.

ಒಲೆಯ ಭಯವಿಲ್ಲ, ಸಿಲಿಂಡರ್ ಬಂದ್ ಮಾಡಿಯೇ ಮಲಗುತ್ತಾರೆ. ಬಚ್ಚಲ ಬಕೆಟ್ಟೂ ಖಾಲಿ. ಆಮೇಲೆ ಬಾಲ್ಕನಿಯ ನೆನಪು ಬಂತು. ನಿಂತಲ್ಲೇ ತುಳಿಯಲೆಂದು ಗಂಡನ ಹಳೆಯ ಸೈಕಲ್ಲನ್ನು ಕಬ್ಬಿಣದ ಸ್ಟ್ಯಾಂಡಿಗೆ ಸಿಗಿಸಿ ಬಾಲ್ಕನಿಯಲ್ಲಿ ಇಟ್ಟಿದ್ದರು. ಚೋಟು ಅದಕ್ಕೆ 'ಹೋಗದ ಸೈಕಲ್' ಅನ್ನುತ್ತಿದ್ದಳು. ಪೆಡಲಿನ ಮೇಲೆ ಒಂದು ಕಾಲು, ನಡುವಿನ ಕಂಬಿಯ ಮೇಲೆ ಇನ್ನೊಂದು ಕಾಲು ಇಟ್ಟು ಸೀಟು ಹತ್ತುವುದನ್ನು ಹೋದ ವಾರವಷ್ಟೇ ಕಲಿತಿದ್ದಳು. ನಿನ್ನೆ ಸಂಜೆ ಸೆಕೆ ಅಂತ, ಗಾಳಿ ಬರಲಿ ಅಂತ, ಆ ಸೈಕಲ್ಲನ್ನು ಕಟಕಟೆಗೆ ಒತ್ತಿ ಎಳೆದಿಟ್ಟವಳು ತಾನೇ. ಸೀಟು ಕಟಕಟೆಗಿಂತ ಒಂದು ಗೇಣು ಎತ್ತರ. ಮನೆ ಮೂರನೇ ಮಹಡಿಯಲ್ಲಿ.

ತುಳಿಯುತ್ತಲೇ ಕಿವಿಗೆ ಇಯರ್‌ಫೋನ್ ಸಿಗಿಸಿ ಕೆಳಗಿನ ಮನೆಯ ಅಜ್ಜಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಕಟ್ಟಡದ ಕಾವಲುಗಾರನಿಗೆ ಮಾಡಿದಳು. ವಯಸ್ಸಾದವನು, ಎಲ್ಲರೂ ಅವನನ್ನು ತಾತ ಅಂತಲೇ ಕರೆಯುತ್ತಿದ್ದರು.

"ಹೇಳು ತಾಯಿ, ನೀರು ಬಂದಿಲ್ವಾ?"

"ತಾತಾ, ಚೋಟು ಒಬ್ಬಳೇ ಇದ್ದಾಳೆ ಮನೇಲಿ."

"ನೀವಿಬ್ಬರೂ?"

"ಇಬ್ಬರೂ ಹೊರಗೆ ಬಂದ್ಬಿಟ್ಟಿದ್ದೀವಿ."

ತಾತ ಬೈಯಲಿಲ್ಲ. ಅವನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಮೇಲೆ ಹೋಗ್ತೀನಿ ತಡಿ," ಎಂದ. ಮೆಟ್ಟಿಲು ಹತ್ತುವ ಏದುಸಿರು ಅವಳ ಕಿವಿಯಲ್ಲಿ ಕೇಳಿಸುತ್ತಿತ್ತು. ಅವಳದೂ ಏದುಸಿರೇ. ಯಾರದು ಯಾವುದು ಅಂತ ತಿಳಿಯದಂತೆ ಎರಡೂ ಬೆರೆತಿದ್ದವು. "ಬಂದೆ. ಬಾಗಿಲಿಗೆ ಕಿವಿ ಇಟ್ಟಿದ್ದೀನಿ. ಸದ್ದಿಲ್ಲ. ಒಡೆದುಬಿಡಲಾ?"

"ಬೇಡ ತಾತ, ಬಡೀಬೇಡ! ಸದ್ದಾದ್ರೆ ಯಾರು ಬಂದ್ರು ಅಂತ ನೋಡೋಕೆ ಅವಳು ಬಾಲ್ಕನಿಗೇ ಓಡೋದು. ನೀನು ಕೆಳಗಿಳಿದು ಬಾಲ್ಕನಿ ನೋಡು."

ಮತ್ತೆ ಮೆಟ್ಟಿಲು. ಅವಳು ಗೇರು ಬದಲಿಸಿದಳು, ಬೆನ್ನು ಬಾಗಿಸಿದಳು. ಇಷ್ಟು ತಿಂಗಳು ಅಳೆದು ಅಳೆದು ಉಳಿಸಿಕೊಳ್ಳಲು ಕಲಿತ ಉಸಿರೆಲ್ಲ ಮೊದಲ ಐದು ಕಿಲೋಮೀಟರಿನಲ್ಲೇ ಖರ್ಚಾಗಿತ್ತು. ಹೆದರಿಕೆಗೆ ಹಲ್ಲು ಕಡಿಯುವವರ ಬಾಯಿಯ ಅಚ್ಚುಗಳನ್ನು ಅವಳು ಎಷ್ಟೋ ನೋಡಿದ್ದಳು. ದವಡೆ ಹಲ್ಲಿನ ನೆತ್ತಿ ಸವೆದು ಚಪ್ಪಟೆಯಾಗಿರುತ್ತದೆ. ಈಗ ತನ್ನ ಹಲ್ಲೇ ಕಟಕಟ ಅನ್ನುವುದು ಅವಳಿಗೆ ಕೇಳಿಸಿತು.

"ತಾಯೀ," ಅಂದ ತಾತ. "ಬಾಲ್ಕನಿ ಬಾಗಿಲು ತೆಗೆದಿದೆ."

ಚಿಲಕ ಹಾಕಿದ್ದೆನಾ? ನಿನ್ನೆ ಸಂಜೆಯ ತನ್ನ ಕೈಯನ್ನು ನೆನೆಸಿಕೊಳ್ಳಲು ನೋಡಿದಳು. ಬೆವರು ಒರೆಸಿಕೊಂಡ ಕೈ, ನೀರಿನ ಬಾಟಲಿ ಎತ್ತಿಕೊಂಡ ಕೈ ನೆನಪಾಯಿತು. ಚಿಲಕದ ಮೇಲೆ ಕೈ ಇಟ್ಟದ್ದು ನೆನಪಾಗಲಿಲ್ಲ.

"ಪರದೆ ಅಲ್ಲಾಡ್ತಿದೆ," ಅಂದ ತಾತ.

"ಗಾಳಿಗಾ? ಮಗು ಅಲ್ಲಾಡಿಸ್ತಿರೋದಾ?"

"ಇಲ್ಲಿ ನಿಂತು ಹೇಗೆ ಹೇಳ್ಲಿ?" ಅವನು ಯಾರನ್ನೋ ಕೂಗಿ ಕರೆದ. ಏನೋ ಗಡಿಬಿಡಿಯ ಮಾತು, ಒಂದು ಹೆಂಗಸಿನ ದನಿ. ಆಮೇಲೆ ಫೋನಿನ ಹತ್ತಿರ ಬಂದು, "ಇಡ್ತೀನಿ ತಾಯಿ. ನನಗೆ ಎರಡೂ ಕೈ ಬೇಕು," ಎಂದ. ಫೋನು ಕಡಿದುಹೋಯಿತು.

ಎರಡೂ ಕೈ ಯಾಕೆ ಬೇಕು?

ಅವಳು ತಿರುಗಿ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಎರಡೂ ಕೈ ಯಾವುದಕ್ಕೆ ಬೇಕಾಗುತ್ತದೆ? ಬಾಗಿಲು ಒಡೆಯಲು ಬೇಕು. ಏಣಿ ಹಿಡಿಯಲು ಬೇಕು. ನೆಲದ ಮೇಲಿಂದ ಏನನ್ನಾದರೂ ಎತ್ತಿಕೊಳ್ಳಲೂ ಬೇಕು. ಅಲ್ಲಿಗೆ ಬಂದು ಅವಳ ಯೋಚನೆ ಬೆಂಕಿ ಮುಟ್ಟಿದ ಹಾಗೆ ಹಿಂದೆ ಸರಿಯಿತು. ಇನ್ನೂ ಹದಿನೆಂಟು ಕಿಲೋಮೀಟರಿತ್ತು.

ನಡುವೆ ಒಮ್ಮೆ ಗಂಡ ಫೋನ್ ಮಾಡಿದ. "ತರಕಾರಿ ಗಾಡಿ ಸಿಕ್ತು. ಏನಾದ್ರೂ ಗೊತ್ತಾಯ್ತಾ?"

"ಇಲ್ಲ."

"ನಾನು..." ಅಂದ ಅವನು, ಅಲ್ಲಿಗೇ ನಿಲ್ಲಿಸಿದ. ಅವಳಿಗೆ ಅವನ ಕೆಲಸದ ಒಂದು ಮಾತು ನೆನಪಾಯಿತು. ಮೇಲಿನ ಮಹಡಿಯಲ್ಲಿ ಸ್ವಿಚ್ಚು ಆರಿಸಿದವನು 'ಆರಿಸಿದೆ' ಅಂತ ಬಾಯಿಬಿಟ್ಟು ಕೂಗಿ ಹೇಳುವವರೆಗೂ ಲಿಫ್ಟಿನ ಕೆಳಗಿನ ಹಳ್ಳದೊಳಗೆ ಅವನು ಒಂದು ಕಾಲೂ ಇಡುವುದಿಲ್ಲ. ಅರ್ಧ ಗಂಟೆ ಬೇಕಾದರೂ ಕಾಯುತ್ತಾನೆ. ಜೊತೆಯವರು ಅದಕ್ಕೆ ಅವನನ್ನು ಆಡಿಕೊಂಡು ನಗುತ್ತಾರೆ. ಅವನು ಈಗ ಅದನ್ನೇ ಯೋಚಿಸುತ್ತಿದ್ದಾನೆ ಎಂಬುದು ಅವಳಿಗೆ ಗೊತ್ತಾಯಿತು. ಬೈಯಲು ಬಾಯಿ ಬರಲಿಲ್ಲ. ತಟ್ಟಿ ಓಡಿಬಂದವಳು ತಾನೂ ಹೌದು.

ಊರು ಶುರುವಾಯಿತು. ಕೆಂಪು ದೀಪಗಳನ್ನು ಅವಳು ನೋಡಲಿಲ್ಲ. ಕೊನೆಯ ತಿರುವಿನಲ್ಲಿ ಜಲ್ಲಿಯ ಮೇಲೆ ಚಕ್ರ ಜಾರಿ ಬಿದ್ದಳು, ಮೊಣಕಾಲು ತರಚಿತು, ನೋವೂ ಆಗಲಿಲ್ಲ. ಎದ್ದು ಸೈಕಲ್ಲನ್ನು ಅಲ್ಲೇ ಬಿಟ್ಟು ಓಡಿದಳು. ಕಬ್ಬಿಣದ ತುಂಡು ಕೂರಿಸಿದ ಸೈಕಲ್ ಶೂ ರಸ್ತೆಯ ಮೇಲೆ ಟಕಟಕ ಅನ್ನುತ್ತ ಜಾರುತ್ತಿತ್ತು. ತಮ್ಮ ಬೀದಿಗೆ ತಿರುಗಿದಾಗ ತಲೆ ಎತ್ತಲು ಧೈರ್ಯ ಸಾಲಲಿಲ್ಲ. ಬಾಲ್ಕನಿಯ ಕೆಳಗಿನ ನೆಲ ನೋಡಲು ಮೊದಲೇ ಧೈರ್ಯವಿಲ್ಲ. ಆದ್ದರಿಂದ ಅವಳಿಗೆ ಮೊದಲು ಕಂಡದ್ದು ಕಾಲುಗಳು. ನಾಲ್ಕು ಜನರ ಕಾಲುಗಳು, ಸುತ್ತುಗಟ್ಟಿ ನಿಂತಿದ್ದವು.

ಕಣ್ಣು ಸ್ವಲ್ಪ ಮೇಲಕ್ಕೆತ್ತಿದಳು. ತಾತ, ಕೆಳಗಿನ ಮನೆಯ ಅಜ್ಜಿ, ಪೇಪರ್ ಹಾಕುವವನು, ಮತ್ತೆ ನೈಟಿಯಲ್ಲೇ ಇಳಿದು ಬಂದಿದ್ದ ಎದುರು ಮನೆಯ ಟೀಚರು. ನಾಲ್ವರೂ ಒಂದು ದಪ್ಪ ಹೊದಿಕೆಯ ನಾಲ್ಕು ಮೂಲೆಗಳನ್ನು ಎರಡೆರಡು ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು, ಕತ್ತು ನೋಯುವಷ್ಟು ಮೇಲೆ ನೋಡುತ್ತ ನಿಂತಿದ್ದರು. ಹೊದಿಕೆ ಖಾಲಿಯಿತ್ತು.

"ಇನ್ನೂ ಏನೂ ಕಂಡಿಲ್ಲ ಕಣಮ್ಮ!" ಅಜ್ಜಿ ಕಣ್ಣು ಕೀಳದೆಯೇ ಕೂಗಿದಳು. "ಓಡು, ಓಡು!"

ಮೊದಲ ಮೆಟ್ಟಿಲಲ್ಲೇ ಶೂ ಕಿತ್ತೆಸೆದಳು. ಮೂರು ಮಹಡಿ. ಬೀಗದ ಕೀ ಬೆನ್ನಿನ ಜೇಬಿನಲ್ಲಿ ಬಾಳೆಹಣ್ಣಿನ ಸಿಪ್ಪೆಯ ಜೊತೆ ಸಿಕ್ಕಿಕೊಂಡಿತ್ತು. ಒಳಗೆ ನುಗ್ಗಿ ಮೊದಲು ಬಾಲ್ಕನಿಗೆ ಹೋದಳು. ಪರದೆ, ಸೈಕಲ್ಲು, ಬಿಸಿಲು. ಯಾರೂ ಇಲ್ಲ. ಅಡುಗೆ ಮನೆಯಲ್ಲಿ ಯಾರೂ ಇಲ್ಲ. ಚೋಟುವಿನ ಕೋಣೆಯ ಬಾಗಿಲು ಅವಳು ಬಿಟ್ಟುಹೋದ ಹಾಗೆಯೇ ಮುಚ್ಚಿತ್ತು. ಹಿಡಿಕೆಯ ಮೇಲೆ ಕೈ ಇಟ್ಟವಳಿಗೆ ಅದನ್ನು ಒತ್ತಲು ಆಗಲಿಲ್ಲ. ಒತ್ತುವವರೆಗೆ ಮಗು ಒಳಗೆ ಇದ್ದಾಳೆ ಅಂದುಕೊಂಡಿರಬಹುದಿತ್ತು.

ಒತ್ತಿದಳು. ಬಾಗಿಲು ಕಿರ್ರ್ ಅಂತು.

ಚೋಟು ಹಾಸಿಗೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮೊಣಕಾಲನ್ನು ಎದೆಗೆ ಅವುಚಿಕೊಂಡಿದ್ದಳು. ಕಣ್ಣಲ್ಲಿ ನಿದ್ದೆ ಇರಲಿಲ್ಲ.

ಅವಳು ಮಗಳನ್ನು ಬಾಚಿ ತಬ್ಬಿಕೊಂಡಳು. ಕೈ, ಕಾಲು, ತಲೆ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಫ್ರಾಕು ಒದ್ದೆಯಾಗಿತ್ತು, ಹಾಸಿಗೆಯೂ.

"ಬೈಬೇಡ," ಚೋಟು ಪಿಸುಗುಟ್ಟಿದಳು. "ತುಂಬಾ ಹೊತ್ತು ತಡ್ಕೊಂಡೆ."

"ಇಲ್ಲ ಕಂದ, ಬೈಯಲ್ಲ. ಯಾವಾಗ ಎದ್ದೆ?"

"ಆಗಲೇ. ಪಕ್ಕದಲ್ಲಿ ನೀನು ಇರಲಿಲ್ಲ."

"ಕೂಗಬೇಕಿತ್ತಲ್ಲ ಬಂಗಾರ."

"ಕೂಗಿದೆ. ಒಂದೇ ಸಲ. ಮೆಲ್ಲಗೆ."

"ಆಮೇಲೆ?"

"ಆಮೇಲೆ ಸುಮ್ನಾದೆ. ಜೋರಾಗಿ ಕೂಗಿದ್ರೆ ಅಪ್ಪಂಗೆ ಎಚ್ಚರ ಆಗತ್ತೆ. ಅಪ್ಪ ಸುಸ್ತಾಗಿರ್ತಾನೆ." ಅಮ್ಮನ ಮುಖ ನೋಡಿ, "ನೀನೂ ಸುಸ್ತಾಗಿರ್ತೀಯ," ಅಂದಳು.

"ಜೋರಾಗಿ ಮಾತಾಡು ಚೋಟು. ಪರವಾಗಿಲ್ಲ. ಮನೇಲಿ ಯಾರೂ ಮಲಗಿಲ್ಲ ಈಗ."

"ಹೂಂ," ಎಂದು ಚೋಟು ಪಿಸುಗುಟ್ಟಿದಳು.

ತಾಯಿ ಅಳಲಿಲ್ಲ. ಅಳಲು ಕೂತರೆ ಎದ್ದೇಳಲಾಗುವುದಿಲ್ಲ ಅನ್ನಿಸಿತು. ಕೆಳಗೆ ಆ ನಾಲ್ವರು ಇನ್ನೂ ಹಾಗೆಯೇ ನಿಂತಿರುತ್ತಾರೆ ಎಂಬುದು ಥಟ್ಟನೆ ಹೊಳೆದು, ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಬಾಲ್ಕನಿಗೆ ಹೋದಳು. ಹೋಗದ ಸೈಕಲ್ಲನ್ನು ಒಂದು ಕಾಲಿನಿಂದ ಗೋಡೆಯ ಕಡೆಗೆ ತಳ್ಳಿ, ಕಟಕಟೆಯಿಂದ ಎರಡು ಹೆಜ್ಜೆ ಹಿಂದೆಯೇ ನಿಂತು ಕತ್ತು ಚಾಚಿ ನೋಡಿದಳು.

ಬೀದಿಗೆ ಅಡ್ಡಡ್ಡ ಒಂದು ತರಕಾರಿ ಗಾಡಿ ನಿಂತಿತ್ತು, ಇಂಜಿನ್ನು ಆರಿಸಿರಲಿಲ್ಲ. ಅಜ್ಜಿ ಹಿಡಿದಿದ್ದ ಮೂಲೆಯಲ್ಲಿ ಈಗ ಗಂಡನಿದ್ದ. ಬರಿಗಾಲು, ಈಜುವ ಚಡ್ಡಿ, ಹೆಗಲ ಮೇಲೆ ಯಾರದೋ ಗೋಣಿಚೀಲ. ಅಜ್ಜಿಯ ಕೈ ಸೋತದ್ದಕ್ಕೆ ತೆಗೆದುಕೊಂಡನೋ, ಮೇಲೆ ಹತ್ತಿ ಬಂದು ನೋಡಲು ಅವನ ಕಾಲಿಗೆ ಧೈರ್ಯ ಬರಲಿಲ್ಲವೋ, ಅಂತೂ ಅವನು ಆ ಮೂಲೆ ಹಿಡಿದು ಮೇಲೆ ನೋಡುತ್ತಿದ್ದ.

"ಇದ್ದಾಳೆ," ಎಂದಳು. ಮಗಳ ಕೈ ಹಿಡಿದು ಎತ್ತಿ ಆಡಿಸಿದಳು.

"ಅಮ್ಮಾ," ಚೋಟು ಅವಳ ಕಿವಿಯಲ್ಲಿ ಕೇಳಿದಳು, "ಅಪ್ಪ ಯಾಕೆ ಚಡ್ಡೀಲಿ ಬೀದೀಲಿ ನಿಂತಿದ್ದಾನೆ?"

ಅಜ್ಜಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ತಾತ ತನ್ನ ಮೂಲೆ ಬಿಟ್ಟು ಮಣಿಕಟ್ಟು ತಿಕ್ಕಿಕೊಂಡ. ಪೇಪರಿನವನು ಬಿಟ್ಟ. ಟೀಚರೂ ಬಿಟ್ಟರು. ಹೊದಿಕೆ ಮೂರು ಕಡೆಯಿಂದ ಜಾರಿ ರಸ್ತೆಯ ಮೇಲೆ ಬಿತ್ತು. ನಾಲ್ಕನೆಯ ಮೂಲೆ ಮಾತ್ರ ಎದೆಯ ಮಟ್ಟಕ್ಕೇ ಇತ್ತು. ಅವನು ಅದನ್ನು ಎರಡೂ ಮುಷ್ಟಿಯಲ್ಲಿ ಬಿಗಿಹಿಡಿದು, ಮೇಲೆ ನೋಡುತ್ತಲೇ ನಿಂತಿದ್ದ.