ಕುಡುಗೋಲು ಹಿಡಿಯದ ಕಾಶಿರಾಯ

“ಬ್ಲೇಡು ಇತ್ತ ತಾ, ಕಾಕಾ,” ಎಂದು ರೇವಣ ಕೈ ಚಾಚಿದ.

ಅಂಗಳದಲ್ಲಿ ಅಪ್ಪ ಕಾಶಿರಾಯನ ಹೆಣಕ್ಕೆ ನೀರು ಹಾಕಿಯಾಗಿತ್ತು. ಮಣ್ಣಿಗೆ ಒಯ್ಯುವ ಮುಂಚೆ ಸತ್ತವನ ಸೊಂಟದ ಉಡುದಾರವನ್ನು ಮಗ ಕೊಯ್ಯಬೇಕು. ಆ ಮನೆತನದ ಪದ್ಧತಿ ಅದು. ಆದರೆ ಕಾಶಿರಾಯನ ಚಿಕ್ಕಪ್ಪನ ಮಗ ಗುಂಡಣ್ಣ ಬ್ಲೇಡು ಕೊಡಲಿಲ್ಲ.

“ನೀ ಸಿಟ್ಟಿನ್ಯಾಗಿದ್ದಿ, ತಮ್ಮಾ. ಇರ್ಲಿ, ನಾ ಕೊಯ್ತೀನಿ.”

“ಮಗಾ ನಾ ಅದೀನಲ್ಲ?”

“ಮಗಾ ಅದಿ, ಅದಕ್ಕೇ,” ಎಂದವನೇ ಗುಂಡಣ್ಣ ದಾರ ಕೊಯ್ದುಬಿಟ್ಟ. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ರೇವಣ ಹಾಗೇ ನಿಂತ. ಹೊಸ್ತಿಲಲ್ಲಿದ್ದ ಅಕ್ಕ ಪ್ರಿಯದರ್ಶಿನಿಗೆ, ಸಾವಿನ ಸುದ್ದಿ ಕೇಳಿದಾಗಲೂ ಬಾರದ ಅಳು, ಈಗ ಒತ್ತರಿಸಿ ಬಂತು.

*

ಕಾಶಿರಾಯನ ಅಪ್ಪ ಹೊಲದ ಬದುವಿನ ಜಗಳದಲ್ಲಿ ಒಬ್ಬನನ್ನು ಕುಡುಗೋಲಿನಿಂದ ಕಡಿದು ಕೊಂದಿದ್ದ, ಜೈಲಿನಲ್ಲೇ ಸತ್ತ. ಆಗ ಕಾಶಿರಾಯ ತೊಟ್ಟಿಲ ಕೂಸು. ಕೂಸಿಗೇನು ಗೊತ್ತು? ಗೊತ್ತಿದ್ದದ್ದು ಕಮಲಾಪುರದ ಜನಕ್ಕೆ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವವರುಂಟೇ? ಅಂಥ ರಕ್ತದವನ ಕೈಗೆ ಹರಿತವಾದದ್ದು ಕೊಡಬಾರದೆಂದು ಯಾರೂ ಪಂಚಾಯಿತಿ ಸೇರಿಸಿ ಹೇಳಲಿಲ್ಲ, ಎಲ್ಲರೂ ಪಾಲಿಸಿದರು. ಕೆಂಪು ಬಾಳೆಯ ತೋಟದಲ್ಲಿ ಉಳಿದವರು ಗೊನೆ ಕಡಿದರೆ ಅವನು ಹೊರುತ್ತಿದ್ದ. ತೊಗರಿ ಕೊಯ್ಲಿನಲ್ಲಿ ಹೆಂಗಸರು ಕೊಯ್ದದ್ದನ್ನು ಹಿಂದಿನಿಂದ ಸಿವುಡು ಕಟ್ಟುತ್ತಿದ್ದ. ಕಡೆಕಡೆಗೆ ಪಾಪ, ಅವನೇ ನಂಬಿಬಿಟ್ಟಿದ್ದ. ಉಗುರನ್ನು ಕೂಡ ಹಲ್ಲಿನಿಂದಲೇ ಕಚ್ಚಿ ತೆಗೆಯುತ್ತಿದ್ದ.

“ಅಪ್ಪಾ, ನೀ ಯಾಕ ಗೊನಿ ಕಡಿಯಂಗಿಲ್ಲ?” ಎಂದು ಪ್ರಿಯದರ್ಶಿನಿ ಚಿಕ್ಕಂದಿನಲ್ಲಿ ಕೇಳಿದ್ದಳು.

“ನನ್ನ ಹೆಗಲ ಗಟ್ಟಿ ಅದ, ಯವ್ವಾ,” ಎಂದು ಅವನು ನಕ್ಕಿದ್ದ.

ಆ ಹೆಗಲ ಮೇಲೆಯೇ ಅವಳು ಓದಿ, ಕಲಬುರಗಿಯ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವ ಮೇಡಂ ಆದಳು. ಜೇವರ್ಗಿ ಕಾಲೋನಿಯಲ್ಲಿ ಮನೆ ಮಾಡಿದಳು. ಅಪರಾಧದ ಪಾಠ ಬಂತೆಂದರೆ ಅವಳ ದನಿ ಏರುತ್ತಿತ್ತು. ಕೈದಿಗಳ ದವಡೆ, ತಲೆಬುರುಡೆ ಅಳೆದು ‘ಇವನು ಹುಟ್ಟಾ ಅಪರಾಧಿ’ ಎಂದ ಹಳೆಯ ಪಂಡಿತರನ್ನು ಗೇಲಿ ಮಾಡುತ್ತಿದ್ದಳು. ಅವಳಿ ಮಕ್ಕಳ ಅಧ್ಯಯನ ವಿವರಿಸುವಾಗ, ವಂಶದ ಪಾಲು ಒಂದಿಷ್ಟು ಇದ್ದರೂ ಇರಬಹುದೆಂದು ಒಪ್ಪುತ್ತಿದ್ದಳು.

“ಆದ್ರ ಒಂದೇ ಮನ್ಯಾಗ ರಕ್ತಾನೂ ಇರ್ತದ, ಬಡತನಾನೂ ಇರ್ತದ, ಊರ ಮಂದಿ ಕಣ್ಣೂ ಇರ್ತದ. ಯಾವುದು ಏನು ಮಾಡ್ತು ಅಂತ ಹ್ಯಾಂಗ ಬಿಡಿಸಿ ಹೇಳ್ತೀರಿ?”

“ಅಂದ್ರ ಕೊಲೆಗಾರನ ಮೊಮ್ಮಗನ್ನ ನಂಬಬಹುದೇನ್ರಿ, ಮೇಡಂ?” ಎಂದು ಅಲ್ಫಿಯಾ ಎಂಬ ವಿದ್ಯಾರ್ಥಿನಿ ಕೇಳಿದ್ದಳು.

“ಕಣ್ಣು ಮುಚ್ಚಿ ನಂಬ್ರಿ.”

*

ಕುಣಿಯ ಬಳಿ ಪಕ್ಕದ ಮನೆಯ ಬಂಡೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಒಂದ್ ಇರಿವೀನೂ ಕೊಲ್ಲಲಿಲ್ಲ, ಪುಣ್ಯಾತ್ಮ.”

“ಕೊಲ್ಲಾಕ ಬಿಟ್ಟಿದ್ರ ತಾನ?” ಎಂದ ಗುಂಡಣ್ಣ. “ನಾವು ಕೈಯಾಗ ಕುಡಗೋಲ ಕೊಡಲಿಲ್ಲ, ಅದಕ್ಕ ಬಚಾವ್ ಆದ.”

ಪ್ರಿಯದರ್ಶಿನಿಗೆ ತಡೆಯಲಾಗಲಿಲ್ಲ. “ಒಮ್ಮೆರ ಕೊಟ್ಟು ನೋಡಬೇಕಿತ್ತಲ್ರಿ, ಕಾಕಾ?”

“ಕೊಟ್ಟು ಏನರ ಆಗಿದ್ರ? ಬೀಜದಂಗ ಬೆಳಿ, ತಂಗಿ. ನಿನ್ನ ತಮ್ಮನ್ನೇ ನೋಡು. ಹೋದ ವರ್ಷ ಬಾಳೆಹಣ್ಣಿನ ದಲಾಲಿಗೆ ಹೊಡದು ಹಲ್ಲ ಉದುರಿಸ್ಯಾನ.”

“ಆ ದಲಾಲಿ ಅಪ್ಪಗ ಕೊಲೆಗಾರನ ಮಗಾ ಅಂದಿದ್ದ.”

“ಸುಳ್ಳೇನು ಅಂದಿದ್ನಾ?”

ಮಣ್ಣು ಹಾಕುತ್ತಿದ್ದ ರೇವಣ ತಿರುಗಿ ನಿಂತ. “ನಮ್ಮಪ್ಪನ್ನ ಜೀವ ಇದ್ದಾಗೇ ಮಣ್ಣು ಮಾಡೀರಿ ನೀವೆಲ್ಲ! ಇವತ್ತು ನಿನಗ ಬಿಡಂಗಿಲ್ಲ, ಕಾಕಾ!”

ನಾಲ್ಕು ಜನ ಅವನನ್ನು ಅಮುಕಿ ಹಿಡಿದರು. ಗುಂಡಣ್ಣ ‘ನೋಡಿದಿಯಾ?’ ಎಂಬಂತೆ ಪ್ರಿಯದರ್ಶಿನಿಯ ಕಡೆ ತಿರುಗಿದ, ಅಷ್ಟೇ.

*

ಮಣ್ಣು ಮುಗಿಸಿ ಬಂದವರು ಕಾಲು ತೊಳೆದು, ಹೆಣವಿದ್ದ ಜಾಗದ ದೀಪ ನೋಡಿ ಅಂಗಳದಲ್ಲಿ ಕೂತರು. ತಾಯಿ ದುಂಡಮ್ಮ ದೀಪದ ಬಳಿ ಗೋಡೆಗೆ ಒರಗಿದ್ದಳು. ಗುಂಡಣ್ಣ ಕಟ್ಟೆಯ ಮೇಲೆ, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಅಡುಗೆಮನೆಯಲ್ಲಿ ಪ್ರಿಯದರ್ಶಿನಿ ಒಬ್ಬಳೇ ಸುಮ್ಮನೆ ನಿಂತಿದ್ದಳು.

ರೇವಣ ದಡದಡನೆ ಒಳಗೆ ಬಂದ. ಕಣ್ಣು ಕೆಂಡವಾಗಿದ್ದವು, ಉಸಿರು ಏರಿತ್ತು. ಅವನ ನೋಟ ನೇರ ಮೂಲೆಗೆ ಹೋಯಿತು. ಮೂಲೆಯಲ್ಲಿ ಕಾಯಿಪಲ್ಯ ಹೆಚ್ಚುವ ಈಳಿಗೆ ಇತ್ತು.

ಪ್ರಿಯದರ್ಶಿನಿ ವಿಚಾರ ಮಾಡಲಿಲ್ಲ. ಅವಳ ಕಾಲು ಈಳಿಗೆಯನ್ನು ಜೋಳದ ಚೀಲದ ಹಿಂದಕ್ಕೆ ನೂಕಿಬಿಟ್ಟಿತು. ನೆಲದ ಪರ್ಶಿ ಕಲ್ಲಿನ ಮೇಲೆ ಕಬ್ಬಿಣ ಕರ್ರೆಂದಿತು.

ರೇವಣ ಅವಳ ಕಾಲು ನೋಡಿದ. ಅದೇ ಮೂಲೆಯಲ್ಲಿದ್ದ ನೀರಿನ ಕೊಡ ನೋಡಿದ.

“ನೀರಡಿಕಿ ಆಗಿತ್ತಕ್ಕಾ,” ಎಂದ.

“ರೇವಣಾ... ತಮ್ಮಾ, ನಿಂದ್ರೋ...” ಅವಳು ಕೊಡದಲ್ಲಿ ತಂಬಿಗೆ ಅದ್ದಿ, ನೀರು ಚೆಲ್ಲಿಕೊಳ್ಳುತ್ತ ಹಿಂದೆಯೇ ಓಡಿದಳು. ಅವನು ತಿರುಗಿ ನೋಡಲಿಲ್ಲ. ಅಂಗಳಕ್ಕೆ ಹೋಗಿ, ಗುಂಡಣ್ಣನ ಎದುರಿಗೇ, ಎರಡೂ ಬರಿಗೈಗಳನ್ನು ಎಲ್ಲರಿಗೂ ಕಾಣುವಂತೆ ಮೊಣಕಾಲ ಮೇಲೆ ಅಂಗಾತ ಇಟ್ಟುಕೊಂಡು ಕೂತ.