ಅಂಗಾಲಿಗೆ ಕೇಳುವ ಸಿನಿಮಾ

ಪತ್ರಿಕೆಯೊಂದರಲ್ಲಿ ಸಿನಿಮಾ ವಿಮರ್ಶೆ ಬರೆಯುತ್ತಿದ್ದವನು ತಮ್ಮ. ಅಕ್ಕ ಡಬ್ಬಿ ಕಾರ್ಖಾನೆಯ ಪ್ರೆಸ್ ವಿಭಾಗದಲ್ಲಿ ತಗಡಿನ ಮುಚ್ಚಳ ಒತ್ತುತ್ತಿದ್ದಳು. ಅವನನ್ನು ಓದಿಸಿದ್ದು ಆ ಮುಚ್ಚಳಗಳೇ. ಅದನ್ನು ಅವನು ಮರೆತವನಲ್ಲ, ಅವಳು ಎತ್ತಿ ಆಡಿದವಳೂ ಅಲ್ಲ. ಇಬ್ಬರ ನಡುವೆ ಜಗಳ ಅಂತ ಇದ್ದದ್ದು ಒಂದೇ, ಸಿನಿಮಾದ್ದು.

ಅಕ್ಕನಿಗೆ ‘ಕೆಂಡದ ಗಾಲಿ’ ಎಂದರೆ ಪ್ರಾಣ. ಬೋಳುತಲೆಯ ನಾಯಕ, ಅವನ ಕಾರು. ಆ ಕಾರು ಸೇತುವೆಯಿಂದ ರೈಲಿನ ಮೇಲೆ, ರೈಲಿನಿಂದ ವಿಮಾನದ ಮೇಲೆ ಹಾರುವುದು. ಬಂದಿದ್ದ ಆರು ಭಾಗಗಳನ್ನೂ ಮೂರು ಮೂರು ಸಲ ನೋಡಿದ್ದಳು. ಚಪ್ಪಲಿ ಕಳಚಿ, ಬರಿಗಾಲನ್ನು ನೆಲಕ್ಕೆ ಊರಿ ಕೂತಳೆಂದರೆ ಮುಗಿಯಿತು. ದೊಡ್ಡಕ್ಕ ತೇರಿನ ಬದಲು ಥಿಯೇಟರನ್ನೇ ಎಳೆದುಕೊಂಡು ಹೋಗುವ ಹಾಗಿದ್ದಾಳೆ ಎಂದು, ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದ ಕಾರ್ಖಾನೆಯ ಹೆಂಗಸರು ಜೊತೆಗೆ ಬಂದಾಗ ಗೇಲಿ ಮಾಡುತ್ತಿದ್ದರಂತೆ.

ತಮ್ಮನ ಲೆಕ್ಕದಲ್ಲಿ ಅದು ಸಿನಿಮಾವೇ ಅಲ್ಲ. ಮಿದುಳನ್ನು ಟಿಕೆಟ್ ಕಿಟಕಿಯಲ್ಲಿ ಒತ್ತೆಯಿಟ್ಟು ಒಳಗೆ ಹೋಗುವವರಿಗೆ ಮಾತ್ರ, ಎಂದು ಆರನೇ ಭಾಗಕ್ಕೆ ಬರೆದಿದ್ದ. ನಿನ್ನ ಬರಹವನ್ನು ನಮ್ಮಲ್ಲಿ ಎಲ್ಲರೂ ಓದುತ್ತಾರೆ ಎಂದು ಅಕ್ಕ ಹೇಳಿದರೆ, ಪಾಪ, ಪ್ರೀತಿಯ ಮಾತು ಎಂದು ನಕ್ಕು ಬಿಡುತ್ತಿದ್ದ. ಒಮ್ಮೆ ಹಟಹಿಡಿದು ತಾನು ತಲೆಯ ಮೇಲೆ ಹೊತ್ತು ಮೆರೆಸಿದ ಚಿತ್ರಕ್ಕೆ ಅವಳನ್ನು ಕರೆದೊಯ್ದ. ಮಬ್ಬುಗತ್ತಲ ಮನೆಯಲ್ಲಿ ಗಂಡಹೆಂಡತಿ ದೂರವಾಗುವ ಕಥೆ. ಹೊರಗೆ ಬಂದವಳು ಕೇಳಿದಳು:

“ಅಲ್ಲ ಕಣೋ, ಆ ಮನೇಲಿ ಎಲ್ರೂ ಕಿಟಕಿ ಕಡೆ ತಿರುಗಿಕೊಂಡೇ ಮಾತಾಡ್ತಾರಲ್ಲ, ಮುಖ ತೋರಿಸಬಾರದು ಅಂತ ಯಾರಾದ್ರೂ ಆಣೆ ಹಾಕಿದ್ರಾ?”

ಇದನ್ನು ಅವನು ಒಂದು ವರ್ಷ ಗೆಳೆಯರ ಮುಂದೆ ಹೇಳಿಕೊಂಡು ನಗಿಸಿದ.

ಪ್ರೆಸ್ ವಿಭಾಗದ ಹೆಂಗಸರದ್ದು ಒಂದು ಪದ್ಧತಿ. ಆ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಕೇಳದು, ಹಾಗಾಗಿ ದನಿ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಾರೆ. ಅತ್ತೆಯ ಜ್ವರ, ಮೇಲ್ವಿಚಾರಕನ ಹೊಸ ವಿಗ್ಗು, ಎಲ್ಲವನ್ನೂ ನಾಲ್ಕು ಯಂತ್ರದಾಚೆಗೂ ತುಟಿಯೇ ಮುಟ್ಟಿಸುತ್ತದೆ. ಅಕ್ಕ ಮನೆಯಲ್ಲೂ ಎದುರಿನವರ ಬಾಯಿಯನ್ನೇ ನೋಡುತ್ತಿದ್ದರೆ ಅದೂ ಕಸುಬಿನ ಚಾಳಿ ಎಂದು ಅವನು ತಿಳಿದಿದ್ದ.

ಏಳನೇ ಭಾಗ ಬಂತು. ವಿಮರ್ಶೆಗೆ ಹೇಗೂ ನೋಡಲೇಬೇಕಲ್ಲ ಎಂದು ಭಾನುವಾರದ ಮಧ್ಯಾಹ್ನ ಅಕ್ಕನ ಜೊತೆಗೇ ಹೋದ. ನಾಯಕನ ಕಾರು ಅಣೆಕಟ್ಟಿನ ಮೇಲಿಂದ ಹಾರಬೇಕು, ಅಷ್ಟರಲ್ಲಿ ಸ್ಪೀಕರುಗಳು ಕೈಕೊಟ್ಟವು. ಚಿತ್ರ ಓಡುತ್ತಿತ್ತು, ಸದ್ದಿಲ್ಲ. ಜನ ಶಿಳ್ಳೆ ಹೊಡೆದರು, ಕೂಗಾಡಿದರು. ಅಕ್ಕ ಮಾತ್ರ ಕೆಳಗೆ ನೋಡಿ ಪಾದ ಸರಿಸಿದಳು, ಮತ್ತೆ ಊರಿದಳು. ಆಮೇಲೆ ತಮ್ಮನ ಕಡೆ ತಿರುಗಿದಳು.

“ನೆಲ ಯಾಕೆ ಸುಮ್ಮನಾಗಿಬಿಡ್ತು?”

ಅವನು ಅವಳ ಕೈಹಿಡಿದು ಹೊರಗೆ ಕರೆತಂದ. ಹೊರಗಿನ ಮೆಟ್ಟಿಲ ಮೇಲೆ ಕೂತು ಅವಳು ಎಲ್ಲ ಹೇಳಿದಳು. ಕಿವಿ ಹೋಗಿ ಒಂಬತ್ತು ವರ್ಷ. ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಇರುತ್ತದೆ. ಸದ್ದು ಕೇಳಿಸಲು ಗುಂಡಿ ಒತ್ತುವಾಗ ಪರೀಕ್ಷೆ ಮಾಡುವ ಹುಡುಗಿಯ ಹೆಗಲು ಒಂದಿಷ್ಟು ಇಳಿಯುತ್ತದೆ, ಅದನ್ನು ನೋಡಿ ಇವಳು ಕೇಳಿಸಿತೆಂದು ಕೈ ಎತ್ತುತ್ತಾಳೆ. ಅಪಾಯದ ಗಂಟೆಯಾದರೆ ಪಕ್ಕದವಳ ಕೈ ನಿಲ್ಲುತ್ತದೆ, ಇವಳದೂ ನಿಲ್ಲುತ್ತದೆ. ಕಿವುಡಿ ಎಂದು ತಿಳಿದರೆ ಯಂತ್ರದ ಹತ್ತಿರ ಸೇರಿಸರು. ನಿನ್ನ ಸಿನಿಮಾಗಳಲ್ಲಿ ನನಗೇನೂ ಸಿಗುವುದಿಲ್ಲ, ಇದರಲ್ಲಿ ಪೂರ್ತಿ ಸಿಗುತ್ತದೆ, ಕಾರು ಬಿದ್ದದ್ದು ಮೊಣಕಾಲಿನವರೆಗೂ ಬರುತ್ತದೆ ಎಂದಳು.

“ಯಾರಿಗೂ ಹೇಳ್ಬೇಡ. ಇನ್ನೆರಡು ವರ್ಷ. ಆಮೇಲೆ ಪೂರ್ತಿ ಪಿಂಚಣಿ ತಗೊಂಡು ಮನೇಲಿ ಕೂರ್ತೀನಿ. ಹತ್ತು ಬೆರಳೂ ಇವೆ, ಎಣಿಸಿ ನೋಡು.”

ಹತ್ತೂ ಇದ್ದವು.

ಅವನು ಯಾರಿಗೂ ಹೇಳಲಿಲ್ಲ, ಬರೆದ. ತನ್ನ ಅಹಂಕಾರಕ್ಕೆ ತಾನೇ ಹೊಡೆದುಕೊಂಡಂತೆ, ಕಣ್ಣೀರು ಹಾಕಿಕೊಂಡೇ ಬರೆದ. ಹೆಸರಿಲ್ಲ, ಊರಿಲ್ಲ, ಅಕ್ಕ ಎಂಬ ಮಾತೂ ಇಲ್ಲ. ಯಂತ್ರದ ಮುಂದೆ ದುಡಿಯುವ ಒಬ್ಬಳು ಹೆಂಗಸು, ಚಪ್ಪಲಿ ಕಳಚಿ ಅಂಗಾಲಿನಿಂದ ಸಿನಿಮಾ ಕೇಳುವವಳು. ಇಂಥವಳ ಮುಂದೆ ನಮ್ಮ ಪಾಂಡಿತ್ಯ ಯಾವ ಮೂಲೆಗೆ, ಎಂದು ಕೇಳಿದ್ದ. ಸಂಪಾದಕರು ಬೆನ್ನು ತಟ್ಟಿದರು. ಪ್ರೆಸ್ ವಿಭಾಗದಲ್ಲಿ ತನ್ನ ಅಂಕಣ ಓದುವವರು ಯಾರಿದ್ದಾರೆ ಎಂಬ ಧೈರ್ಯ ಅವನದ್ದು. ಅಹಂಕಾರ ಬಿಟ್ಟೆನೆಂದು ಬರೆದವನಿಗೆ ಈ ಧೈರ್ಯವೂ ಅದರದೇ ಮರಿ ಎಂದು ಹೊಳೆಯಲಿಲ್ಲ.

ಓದುವವರಿದ್ದರು. ಹನ್ನೊಂದು ವರ್ಷದಿಂದ ಪ್ರತಿ ವಾರ ಅವನ ಅಂಕಣವನ್ನು ಕತ್ತರಿಸಿ ಊಟದ ಕೋಣೆಯ ಹಲಗೆಗೆ ಅಂಟಿಸುತ್ತಿದ್ದವಳು ಅಕ್ಕನೇ. ಬೆಳಗ್ಗೆ ಪಾಳಿಗೆ ಮೊದಲು ಅಂಟಿಸುವುದು, ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಎಲ್ಲರ ಜೊತೆ ತಾನೂ ಓದುವುದು. ಆ ದಿನವೂ ನಾಲ್ಕು ಮೂಲೆಗೆ ಅಂಟು ಹಚ್ಚಿ, ಸುಕ್ಕಿಲ್ಲದ ಹಾಗೆ ಅಂಗೈಯಿಂದ ಒತ್ತಿ ಹೋಗಿದ್ದಳು. ಅವಳು ಊಟಕ್ಕೆ ಬರುವಷ್ಟರಲ್ಲಿ ಮೇಲ್ವಿಚಾರಕ ಹಲಗೆಯ ಮುಂದೆ ಎರಡನೇ ಸಲ ಓದುತ್ತಿದ್ದ. ಹೆಂಗಸರು ಯಾರೂ ತುಟಿ ಬಿಚ್ಚಲಿಲ್ಲ. ಮೇಲ್ವಿಚಾರಕ ಅವಳ ಬೆನ್ನ ಹಿಂದೆ ನಿಂತು, ದೊಡ್ಡಕ್ಕ, ಎಂದು ಮೆಲ್ಲಗೆ ಕರೆದ. ಅವಳು ತಿರುಗಲಿಲ್ಲ.

ಮುಂದಿನ ವಾರದ ಕಿವಿ ಪರೀಕ್ಷೆಯಲ್ಲಿ ಅವಳ ಕುರ್ಚಿಯನ್ನು ಗೋಡೆಗೆ ಮುಖಮಾಡಿ ಹಾಕಿದ್ದರು.

ಕೆಲಸ ಕಳೆದುಕೊಂಡು ಮನೆಗೆ ಬಂದವಳು ತಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅರ್ಧ ಪಿಂಚಣಿಯಲ್ಲಿ ಮನೆ ಹೇಗೋ ನಡೆಯಿತು. ನಡೆಯದೆ ಹೋದದ್ದು ಮಾತು. ತುಟಿಯಲ್ಲಿ ಮಾತಾಡುವ ಹೆಂಗಸರೆಲ್ಲ ಕಾರ್ಖಾನೆಯಲ್ಲೇ ಉಳಿದರು. ಅವಳು ಇಡೀ ದಿನ ಅಡುಗೆಮನೆಯ ಕಿಟಕಿಯ ಕಡೆ ತಿರುಗಿಕೊಂಡು ಕೂರತೊಡಗಿದಳು.

ಎಂಟನೇ ಭಾಗ ಬಂದಾಗ ಅವನು ಕೈಕಾಲು ಹಿಡಿಯುವಷ್ಟು ಬೇಡಿ ಕರೆದೊಯ್ದ. ದೀಪ ಆರಿತು. ಕಾರು ಕಟ್ಟಡದಿಂದ ಕಟ್ಟಡಕ್ಕೆ ಹಾರಿತು, ಅವನ ಕಾಲಡಿಯ ನೆಲವೂ ನಡುಗಿತು. ಅಕ್ಕ ಚಪ್ಪಲಿ ಹಾಕಿಕೊಂಡೇ, ಕಾಲುಗಳನ್ನು ಸೀಟಿನ ಮೇಲಕ್ಕೆ ಮಡಚಿಕೊಂಡು ಕೂತಿದ್ದಳು. ಪರದೆಯ ಬೆಳಕಿಗೆ ತನ್ನ ಮುಖ ಕಾಣುವಂತೆ ಬಾಗಿ, ಚಪ್ಪಲಿ ಬಿಡು ಅಕ್ಕ ಎಂದು ತುಟಿಯಲ್ಲೇ ಹೇಳಿದ. ಅವಳು ಅವನ ಬಾಯಿಯನ್ನು ಪೂರ್ತಿ ನೋಡಿದಳು.

“ಬೇಡಪ್ಪ,” ಎಂದಳು. “ನೀನು ಬರೆದುಬಿಡ್ತೀಯ.”