ಒಂಟಿಕಣ್ಣನ ಸರದಿ

ಮೂರು ದಾಳಗಳು ಪರದೆಯೊಳಗೆ ಗಿರಗಿರ ತಿರುಗುತ್ತಿವೆ, ಅಂಗೈಯಗಲದ ಯಂತ್ರದಿಂದ ಕಟಕಟ ಸದ್ದು, ನಿಲ್ಲಬೇಡ್ರಪ್ಪಾ, ಇನ್ನೊಂದು ಗಳಿಗೆ ತಿರುಗ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ಎಂದು ಹುಲಗೇಶ ದಾಳಗಳನ್ನೇ ಬೇಡಿಕೊಳ್ಳುವ ಸ್ಥಿತಿಗೆ ಬಂದಿದ್ದಾನೆ, ಬಾಲಾನಗರದ ಕಾರ್ಖಾನೆಯಲ್ಲಿ ವಿಮಾನದ ಮೀಟರುಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಜೋಡಿಸುವ ಮನುಷ್ಯ, ನೋಡಿ ಅವನ ಗತಿ — ಕೋರ್ಟಿನ ಮಕ್ಕಳ ಕೋಣೆಯ ಗಡಿಯಾರದಲ್ಲಿ ಮೂರಕ್ಕೆ ಇನ್ನು ಹತ್ತು ನಿಮಿಷ, ಮೂರಕ್ಕೆ ಜಡ್ಜ್ ಮೇಡಂ ಮಗಳು ತೇಜಸ್ವಿನಿಯನ್ನು ಒಳಗೆ ಕರೆಸಿ ಯಾರ ಜೊತೆ ಇರುತ್ತೀ ಎಂದು ಕೇಳುತ್ತಾರೆ, ಹೆಂಡತಿ ವಿಜಯಶ್ರೀಗೆ ವಿಶಾಖಪಟ್ಟಣಕ್ಕೆ ವರ್ಗವಾಗಿದೆ, ಹೊರಗೆ ಬೆಂಚಿನ ಮೇಲೆ ವಕೀಲರ ಪಕ್ಕ ಕೂತಿದ್ದಾಳೆ, ಮಗಳೂ ಅವಳ ಜೊತೆ ಹೋದರೆ ವಾರಕ್ಕೊಮ್ಮೆ ಅವಳನ್ನು ನೋಡಲು ಕೋರ್ಟು ಕೊಟ್ಟ ಈ ಶನಿವಾರದ ಎರಡು ತಾಸೂ ಮುಗಿಯಿತು, ಆಮೇಲೆ ಮನೆಗೆ ಹೋಗಿ ಯಾರ ಮುಖ ನೋಡುವುದು — ಅರ್ಧ ಗಂಟೆಯ ಹಿಂದೆ ಹುಡುಗಿ ಚೀಲದಿಂದ ಈ ಆಟ ತೆಗೆದು, ಪಪ್ಪಾ, ನೀ ಗೆದ್ರ ನಿನ್ನ ಜೋಡಿ ಇರ್ತೀನಂತ ಹೇಳ್ತೀನಿ, ಸೋತ್ರ ಮಮ್ಮಿ ಜೋಡಿ, ಎಂದಳು, ಇದೇನು ಹುಡುಗಾಟ ಎಂದು ಅವನು ನಗಲು ಹೋದ, ನಗು ಬರಲಿಲ್ಲ, ನಾ ಯಾರ ಹೆಸರು ಹೇಳಿದ್ರೂ ನಿಮ್ಮಿಬ್ಬರೊಳಗ ಒಬ್ಬರು ಅಳ್ತೀರಿ, ಅದಕ್ಕ ದಾಳ ಹೇಳ್ಲಿ, ಹನ್ನೊಂದು ವರ್ಷದ ಹುಡುಗಿಯ ಮಾತೇ ಇದು, ಅವಳ ಬಾಯಲ್ಲಿ ಇಂಥ ಮಾತು ಬರುವ ಹಾಗೆ ಮಾಡಿದವರು ನಾವಿಬ್ಬರೇ, ಥೂ ನಮ್ಮ ಜನ್ಮಕ್ಕಿಷ್ಟು.

ದಾಳ ನಿಂತಿತು, ಮೊಟ್ಟೆ, ಹೆಜ್ಜೆ, ಕತ್ತಿ — ಮೊಟ್ಟೆ ಬಿದ್ದರೆ ಹೊಸ ರಾಕ್ಷಸ ಹುಟ್ಟುತ್ತಾನೆ, ಹೆಜ್ಜೆ ಬಿದ್ದರೆ ನಡೆಯುತ್ತಾನೆ, ಕತ್ತಿ ಬಿದ್ದರೆ ಹೊಡೆಯುತ್ತಾನೆ, ಎದುರಾಳಿಯ ರಾಜನನ್ನು ಕೆಡವಿದರೆ ಆಟ ಮುಗಿಯಿತು, ಇಷ್ಟೇ, ಸಿಕಂದರಾಬಾದಿನ ಸ್ಟೇಷನ್ ಎದುರಿನ ಅಂಗಡಿಯಲ್ಲಿ ಈ ಹಳೆಯ ಯಂತ್ರ ಕೊಂಡಾಗ ಅವಳಿಗೆ ಆರು ವರ್ಷ, ಮೊದಲ ದಿನವೇ ಸೋತು ಅತ್ತೂ ಅತ್ತೂ ಜ್ವರ ಬರಿಸಿಕೊಂಡಿದ್ದಳು, ಅಂದಿನಿಂದ ಅವನು ಗೆದ್ದೇ ಇಲ್ಲ, ಗೆಲ್ಲುವ ಹೊತ್ತಿಗೆ ಸರಿಯಾಗಿ ಹೊಡೆಯುವ ಬಲಗಡೆಯ ಗುಂಡಿ ಬಿಟ್ಟು ಎಡಗಡೆಯದನ್ನು ಒತ್ತುವುದು, ಹೊಡೆಯದೆ ಸರದಿ ಬಿಟ್ಟುಕೊಡುವುದು, ಅಯ್ಯಯ್ಯೋ ಕೆಟ್ಟೆ ಎಂದು ತಲೆ ಚಚ್ಚಿಕೊಳ್ಳುವುದು, ಅವಳು ಮಂಚದ ಮೇಲೆ ಕುಣಿಯುವುದು, ನೀವು ಹಿಂಗ ಸೋಲ್ಕೋತ ಹೋದ್ರ ಆಕಿಗೆ ಸೋಲು ಅಂದ್ರ ಏನಂತ ತಿಳಿಯೂದು ಯಾವಾಗ್ರಿ, ಅಡುಗೆಮನೆಯಿಂದ ವಿಜಯಶ್ರೀ — ಆಗ ಇನ್ನೂ ಅಷ್ಟು ಮಾತಾದರೂ ಇತ್ತು — ಇವತ್ತು ಆಟ ಶುರು ಮಾಡುವ ಮೊದಲು ಮಗಳು ತಲೆ ಎತ್ತದೆ ಹೇಳಿದಳು, ಇವತ್ತು ಖರೇ ಆಡು ಪಪ್ಪಾ, ದಿನಾ ಆಡಿದಂಗ ಬ್ಯಾಡ, ಬೇಕೆಂದೇ ಸೋಲುತ್ತಿದ್ದೆನೆಂದು ಗೊತ್ತಿತ್ತೇ ಇವಳಿಗೆ, ಎಷ್ಟು ವರ್ಷದಿಂದ, ಮಂಚದ ಮೇಲೆ ಕುಣಿಯುತ್ತಿದ್ದದ್ದು ನನಗಾಗಿಯೇ?

ಅವನ ಒಂಟಿಕಣ್ಣ ರಾಕ್ಷಸ ಒಂದು ಹೆಜ್ಜೆ ನಡೆದು ಅವಳ ರಾಜನ ಮುಂದೆ ನಿಂತ, ನಡುವೆ ಯಾರೂ ಇಲ್ಲ, ಯಾಕಿಲ್ಲ, ಕಾವಲಿಗೆ ಆಮೆ ಇತ್ತಲ್ಲ, ಆ ಕಲ್ಲಿನ ಆಮೆಯನ್ನು ಅವಳು ಯಾವತ್ತೂ ರಾಜನ ಮುಂದಿನಿಂದ ಕದಲಿಸಿದವಳಲ್ಲ, ಈಗ ಮೂಲೆಯಲ್ಲಿದೆ, ಹೋದ ಸರದಿಯಲ್ಲಿ ಅವಳೇ ಸರಿಸಿದ್ದು, ತುಟಿ ಕಚ್ಚಿಕೊಂಡು ಬಹಳ ಹೊತ್ತು ಯೋಚಿಸಿ ಸರಿಸಿದ್ದು, ತಪ್ಪಿ ಅಲ್ಲ, ಬೇಕೆಂದೇ — ದಾರಿ ಬಿಟ್ಟಿದ್ದಾಳೆ, ಬಾಯಿಂದ ಹೇಳಲಾಗದ್ದನ್ನು ನನ್ನ ಕೂಸು ಆಮೆಯ ಕೈಲಿ ಹೇಳಿಸಿದ್ದಾಳೆ, ಅವಳಿಗೆ ನಾನು ಬೇಕು, ಕಣ್ಣು ತುಂಬಿ ಪರದೆ ಮಂಜಾಯಿತು, ಒಂದೇ ಗುಂಡಿ, ಕತ್ತಿ ಕೈಯಲ್ಲೇ ಇದೆ, ಬಾಗಿಲು ತೆರೆದುಕೊಂಡಿತು, ಅಟೆಂಡರಮ್ಮ, ಸಾರ್, ಮೇಡಂ ಪಿಲುಸ್ತುನ್ನಾರು, ಪಾಪನು ಪಂಪಂಡಿ, ಕರೆ ಬಂದೇಬಿಟ್ಟಿತು, ಮಗುವನ್ನು ಕಳಿಸಬೇಕಂತೆ, ಒಂದ್ನಿಮಿಷ ಅಮ್ಮಾ, ಒಂದೇ ನಿಮಿಷ, ಎನ್ನುತ್ತ ಅವಸರದಲ್ಲಿ ಒತ್ತಿದ, ಟುಣ್ ಎಂದಿತು, ಒಂಟಿಕಣ್ಣ ಕತ್ತಿ ಕೆಳಗಿಳಿಸಿ ಕೂತ — ಎಡಗಡೆಯ ಗುಂಡಿ, ಎಡಗಡೆಯದು, ಐದು ವರ್ಷ ಹೋದ ದಾರಿಯಲ್ಲೇ ಹೆಬ್ಬೆರಳು ಹೋಗಿತ್ತು, ಪರದೆಯ ತುಂಬ ದಪ್ಪ ಅಕ್ಷರ, ನಿಮ್ಮ ಸರದಿ ಮುಗಿಯಿತು, ಎದುರಾಳಿಗೆ ಕೊಡಿ, ಅಲ್ಲ ತೇಜೂ, ಅದು ಬೆರಳು ತಪ್ಪಿ, ಕೂಸೇ, ನಾ ಖರೇ ಆಡಾಕತ್ತಿದ್ದೆ — ಇಷ್ಟನ್ನು ಹೇಳುವ ಮೊದಲೇ ಅವಳು ಪರದೆ ನೋಡಿದಳು, ಅವನನ್ನು ನೋಡಿದಳು, ಅಳಲಿಲ್ಲ, ಆತು ಬಿಡು ಪಪ್ಪಾ, ಗೊತ್ತಾತು, ಎಂದಳು, ಏನು ಗೊತ್ತಾಯಿತು, ನೀನು ಬೇಡವೆಂದು ಸೋತೆನೆಂದೇ, ಏನೂ ಗೊತ್ತಾಗಿಲ್ಲ ನಿನಗೆ, ಅವನು ಯಂತ್ರವನ್ನು ಎದೆಗೆ ಒತ್ತಿ ಹಿಡಿದಿದ್ದಾನೆ, ಇದು ಅವಳ ಕೈಗೆ ಹೋದರೆ ತಾನೇ ಅವಳ ಸರದಿ, ಕೊಡದಿದ್ದರೆ ಆಟ ಮುಗಿಯುವುದಿಲ್ಲ, ಪಾಪನು ಪಂಪಂಡಿ ಸಾರ್, ಅವಳು ಎದ್ದು ನಿಂತಿದ್ದಾಳೆ, ಕೈ ಮುಂದೆ ಚಾಚಿದ್ದಾಳೆ, ಕೊಡು, ಬೆರಳುಗಳು ಬಿಡಿಸಿಕೊಂಡಿವೆ, ಪುಟ್ಟ ಅಂಗೈ, ಖಾಲಿ ಅಂಗೈ, ಅಲುಗದೆ ಕಾಯುತ್ತಿರುವ ಅಂಗೈ —